ರದ್ದಾದ ನೂರೈವತ್ತು ಗಂಟೆಗಳು

“ಮೊಮ್ಮಗಳ ಮೆಡಿಕಲ್ ಸೀಟು ಹೋದರೂ ಚಿಂತೆಯಿಲ್ಲವೆಂದು ಬಾಬಣ್ಣ ಸುಳ್ಳು ಸರ್ಟಿಫಿಕೇಟಿಗೆ ಸಹಿ ಹಾಕಲಿಲ್ಲ.” ಕುವೈತಿನ ನಮ್ಮ ಊರವರ ಸಂಘದಲ್ಲಿ ಈ ಮಾತು ಚಾಲ್ತಿಯಲ್ಲಿದೆ. ಆ ಬಾಬಣ್ಣ ನಾನೇ. ಹತ್ತು ಜನ ಹೇಳಿದರೆಂದು ಯಾವುದನ್ನೂ ನಂಬುವವನಲ್ಲ ನಾನು; ಅದು ನನ್ನ ಹೊಗಳಿಕೆಯೇ ಆದರೂ ಅಷ್ಟೇ. ಈ ಮಾತು ತಪ್ಪು. ಬಾಯಿಮಾತಿನಲ್ಲಿ ತಿದ್ದಿ ತಿದ್ದಿ ದಣಿದಿದ್ದೇನೆ, ಆದ್ದರಿಂದ ಬರೆಯುತ್ತಿದ್ದೇನೆ.

ಎರಡು ವರ್ಷಗಳ ಹಿಂದೆ ಮೊಮ್ಮಗಳು ಪ್ರಾಪ್ತಿ ಹನ್ನೆರಡನೆಯ ತರಗತಿ ಮುಗಿಸಿದಳು. ಜೀವಶಾಸ್ತ್ರದಲ್ಲಿ ಒಳ್ಳೆಯ ಅಂಕಗಳು, ರಸಾಯನಶಾಸ್ತ್ರದಲ್ಲಿ ತೀರಾ ಸಾಧಾರಣ. ಆದರೆ ಅವಳಿಗೆ ಡಾಕ್ಟರೇ ಆಗಬೇಕು. ಹೊರದೇಶದ ಒಂದು ವೈದ್ಯಕೀಯ ಕಾಲೇಜು ಅಂಕಗಳ ಜೊತೆಗೆ ಸೇವೆಯ ಅನುಭವವನ್ನೂ ನೋಡುತ್ತದೆಂದು ತಿಳಿಯಿತು. ಅಹ್ಮದಿಯ ನಮ್ಮ ಮನೆಯಲ್ಲಿ ವಾರಗಟ್ಟಲೆ ಅದೇ ಚರ್ಚೆ. ರಸಾಯನಶಾಸ್ತ್ರವನ್ನು ಮತ್ತೊಮ್ಮೆ ಬರೆಯಲಿ ಎಂದು ಮಗ ಹೇಳಿದ. ಒಂದು ವರ್ಷ ಸುಮ್ಮನೆ ಹಾಳೆಂದು ಸೊಸೆ ಶೋಭಾ ಒಪ್ಪಲಿಲ್ಲ.

“ಮಾವ, ಸಂಘದ ರಕ್ತದಾನ ಶಿಬಿರದ ಸರ್ಟಿಫಿಕೇಟ್ ಬರೆಯೋದು ನೀವೇ ಅಲ್ವಾ? ಊರವರ ಮಕ್ಕಳಿಗೆಲ್ಲ ಕೊಡ್ತೀರಿ. ನಮ್ಮವಳಿಗೆ ಮಾತ್ರ ಎಂತ ಕಂಜೂಸಿ?” ಎಂದು ಅವಳು ಕೇಳಿದಳು.

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಶುವೈಖ್‌ನಲ್ಲಿ ವಾಹನಗಳ ಬಿಡಿಭಾಗಗಳ ಗೋದಾಮನ್ನು ನೋಡಿಕೊಂಡು ನಿವೃತ್ತನಾದ ಮೇಲೆ, ಸಂಘದ ಹಾಜರಿ ಪುಸ್ತಕವೂ ಪ್ರಮಾಣಪತ್ರಗಳ ಪುಸ್ತಕವೂ ನನ್ನ ವಶಕ್ಕೆ ಬಂದಿದ್ದವು. ಸಂಘದಲ್ಲೊಂದು ರೂಢಿಯಿದೆ. ಮಕ್ಕಳಿಗೆ ಪ್ರಮಾಣಪತ್ರ ಕೊಡುವಾಗ ಅವರ ಗಂಟೆಗಳಿಗೆ ಇಡೀ ಮನೆಯವರ ಗಂಟೆಗಳನ್ನೂ ಕೂಡಿಸುತ್ತೇವೆ. ದುಡಿದವರು ಮನೆಯವರೇ ತಾನೇ ಎಂಬ ಭಾವನೆ. ಅದನ್ನು ಸುಳ್ಳೆಂದು ಯಾರೂ ತಿಳಿದಿರಲಿಲ್ಲ. ನಾನೂ ತಿಳಿದಿರಲಿಲ್ಲ.

ಆದರೂ ಸ್ವಂತ ಮೊಮ್ಮಗಳ ವಿಷಯವಾದ್ದರಿಂದ ಕಾರ್ಯದರ್ಶಿ ಸದಾನಂದನಿಗೆ ಫೋನು ಮಾಡಿದೆ.

“ಎಂತ ಮಾರಾಯ್ರೆ ಬಾಬಣ್ಣ, ಇದಕ್ಕೂ ಮೀಟಿಂಗ್ ಕರೀಬೇಕಾ? ಯಲ್ಲಾ, ನಡೀಲಿ, ಬರೀರಿ. ಖಲಾಸ್!” ಎಂದು ಅವನು ನಕ್ಕ.

ಮರುದಿನ ಸಂಘದ ಕೋಣೆಯಲ್ಲಿ ಕುಳಿತು ನೂರೈವತ್ತು ಗಂಟೆಗಳೆಂದು ಬರೆದು ಸಹಿ ಹಾಕಿದೆ. ಹೌದು, ಸಹಿ ಹಾಕಿದೆ. ಎದುರಿಗೆ ಕುಳಿತಿದ್ದ ಪ್ರಾಪ್ತಿ ಪುಸ್ತಕವನ್ನು ತನ್ನತ್ತ ತಿರುಗಿಸಿಕೊಂಡು ಓದಿದಳು.

“ಅಜ್ಜ, ಐ ಡಿಡ್ ಓನ್ಲಿ ನೈನ್ ಅವರ್ಸ್. ಒನ್ ಫಿಫ್ಟಿ ಎಲ್ಲಿಂದ ಬಂತು?”

“ನಿನ್ನ ಅಮ್ಮ ಶಿಬಿರಗಳಿಗೆ ಉಪ್ಪಿಟ್ಟು ಮಾಡಿದ್ದು, ಅಪ್ಪ ಶುಐಬಾದಿಂದ ಜನರನ್ನು ಕಾರಲ್ಲಿ ಕರ್ಕೊಂಡು ಬಂದದ್ದು, ನಾನು ಹಾಜರಿ ಬರೆದದ್ದು, ಎಲ್ಲ ಸೇರಿ. ಮನೆ ಒಂದೇ ಅಲ್ವಾ ಮಗಾ?”

“ದೆನ್ ಅಮ್ಮ ಶುಡ್ ಅಪ್ಲೈ,” ಎಂದಳು. “ಇಂಟರ್‌ವ್ಯೂನಲ್ಲಿ ಕೇಳಿದ್ರೆ ಎಂತ ಹೇಳ್ಲಿ? ಉಪ್ಪಿಟ್ಟಿನ ರೆಸಿಪಿ?”

ನನಗೆ ಸಿಟ್ಟು ಬಂತು. “ನಿನ್ನ ಕೆಮಿಸ್ಟ್ರಿ ಮಾರ್ಕಿಗೆ ಒಂಬತ್ತು ಗಂಟೆ ಸಾಕಾಗ್ತದಾ?” ಎಂದು ಕೇಳಿಬಿಟ್ಟೆ. ಆಡಬಾರದ ಮಾತು ಅದು.

ಅವಳು ಪುಸ್ತಕವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ, “ಆ ದಿನ ರಕ್ತ ಕೊಟ್ಟ ಒಬ್ರು ತಲೆ ತಿರುಗಿ ಬಿದ್ರಲ್ಲ ಅಜ್ಜ, ನರ್ಸ್ ಬರೋವರೆಗೆ ಅವರ ಕಾಲು ಎತ್ತಿ ಹಿಡ್ಕೊಂಡದ್ದು ನಾನು. ಅದನ್ನು ಬರೀತೇನೆ. ದಟ್ ಈಸ್ ಮೈನ್,” ಎಂದಳು. ನನ್ನ ಕೈಯಲ್ಲಿದ್ದ ಪೆನ್ನನ್ನು ತೆಗೆದುಕೊಂಡು ನೂರೈವತ್ತನ್ನು ಹೊಡೆದುಹಾಕಿ ಒಂಬತ್ತು ಎಂದು ಬರೆದು, ಪಕ್ಕದಲ್ಲಿ ತನ್ನ ಸಹಿ ಹಾಕಿದಳು. ನಾನು ಮುಂದಿನ ಹಾಳೆಯಲ್ಲಿ ಹೊಸದನ್ನು ಬರೆದುಕೊಟ್ಟೆ.

ಒಂಬತ್ತು ಗಂಟೆಗಳ ಆ ಪ್ರಮಾಣಪತ್ರವೇ ಅರ್ಜಿಯ ಜೊತೆ ಹೋಯಿತು. ಕಾಲೇಜು ಅವಳನ್ನು ತೆಗೆದುಕೊಳ್ಳಲಿಲ್ಲ. ಶೋಭಾ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಸದಾನಂದನೋ ಒಂಬತ್ತರ ಸುದ್ದಿ ಕೇಳಿ, ತಾನು ಬರೆಯಿರಿ ಎಂದರೂ ಬಾಬಣ್ಣ ಹೆಚ್ಚಿಗೆ ಬರೆಯಲಿಲ್ಲವೆಂದು ತಾನೇ ಊಹಿಸಿಕೊಂಡು ವಾರ್ಷಿಕ ಸಭೆಯಲ್ಲಿ ನನಗೆ ಶಾಲು ಹೊದಿಸಿದ. ಚಪ್ಪಾಳೆಯ ನಡುವೆ ಪ್ರಾಪ್ತಿ ನನ್ನನ್ನೇ ನೋಡುತ್ತಿದ್ದಳು. ಎದ್ದು ಸತ್ಯ ಹೇಳುವ ತ್ರಾಣ ಆ ಹೊತ್ತಿಗೆ ನನ್ನಲ್ಲಿರಲಿಲ್ಲ. ಮರುವಾರ ಅವನಿಗೆ ಹೇಳಿದರೆ, “ಬಿಡಿ ಬಾಬಣ್ಣ, ದೊಡ್ಡವರು ಹೀಗೇ ಹೇಳೋದು,” ಎಂದು ಅದನ್ನೂ ನನ್ನ ದೊಡ್ಡತನಕ್ಕೇ ಸೇರಿಸಿದ.

ಅವಳು ರಸಾಯನಶಾಸ್ತ್ರವನ್ನು ಮತ್ತೆ ಬರೆದಳು. ಅಂಕಗಳು ಸ್ವಲ್ಪ ಏರಿದವು, ಬಹಳವಲ್ಲ. ಶುಕ್ರವಾರಗಳಂದು ಒಂದು ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಹೋಗಿ, ಗಾಲಿಕುರ್ಚಿಯಲ್ಲಿ ಬಂದವರನ್ನು ಎಬ್ಬಿಸಿ ಕೂರಿಸಲು ನೆರವಾಗುತ್ತಾಳೆ. ಈ ಸಲವೂ ಅರ್ಜಿ ಕಳುಹಿಸಿದ್ದಾಳೆ. ಉತ್ತರ ಇನ್ನೂ ಬಂದಿಲ್ಲ. ಈ ಸಲ ನನ್ನ ಸಹಿ ಕೇಳಲಿಲ್ಲ. ಅದು ನನ್ನನ್ನು ಈಗಲೂ ಚುಚ್ಚುತ್ತದೆ.

ನನ್ನ ಮಾತನ್ನೂ ಯಾರೂ ಹಾಗೆಯೇ ನಂಬಬೇಕಾಗಿಲ್ಲ. ಕ್ರಮಸಂಖ್ಯೆಯಿರುವ ಪುಸ್ತಕದಿಂದ ಕೆಟ್ಟ ಹಾಳೆಯನ್ನು ಹರಿದೆಸೆಯಬಾರದು, ‘ರದ್ದು’ ಎಂದು ಬರೆದು ಅಲ್ಲೇ ಬಿಡಬೇಕು ಎಂಬುದು ಗೋದಾಮಿನಲ್ಲಿ ಕಲಿತ ಪಾಠ. ನೂರೈವತ್ತರ ಆ ಹಾಳೆಯನ್ನೂ ಹಾಗೆಯೇ ರದ್ದು ಮಾಡಿ ಬಿಟ್ಟಿದ್ದೇನೆ. ಸಂಘದ ಕಬ್ಬಿಣದ ಕಪಾಟಿನಲ್ಲಿದೆ. ಬೀಗದ ಕೈ ಸದಾನಂದನ ಬಳಿ ಇದೆ. ಹೊಡೆದುಹಾಕಿದ ನೂರೈವತ್ತರ ಕೆಳಗಿರುವುದು ನನ್ನ ಸಹಿ. ಒಂಬತ್ತರ ಪಕ್ಕದಲ್ಲಿರುವುದು ಅವಳದು.