ಕಿಟಕಿ ಮೇಡಂ ಮತ್ತು ಎರಡು ಪ್ರತಿಗಳು

ನನ್ನ ಬಾಯಿ ಸರಿ ಇಲ್ಲ, ಮೊದಲೇ ಒಪ್ಪಿಕೊಂಡುಬಿಡ್ತೀನಿ. ಮೂವತ್ತೊಂದು ವರ್ಷ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ದುಡಿದವನು. ಬಸ್ಸಿನ ಅಡಿ ಮಲಗಿಕೊಂಡು ಕೂಗಿ ಕೂಗಿ ಮಾತಾಡಿದ್ದು ಮನೆಯಲ್ಲೂ ಬೀದಿಯಲ್ಲೂ ಹಾಗೇ ಅಂಟಿಕೊಂಡುಬಿಟ್ಟಿದೆ. ಸಿಟ್ಟು ಬಂದರಂತೂ ಎದುರಿಗಿರೋದು ಯಾರು ಅಂತ ನೋಡೋದಿಲ್ಲ. ಹಾಗೆ ನೋಡದೆ ಒಂದು ದಿನ ಒಬ್ಬ ಹೆಂಗಸಿನ ಮೇಲೆ ಹರಿಹಾಯ್ದೆ. ಆಕೆ ಅವತ್ತು ನನಗೆ ಹೆದರಿ ಸುಮ್ಮನಾಗಿದ್ದರೆ ನನ್ನ ಮಗಳ ಗತಿ ಏನಾಗ್ತಿತ್ತು? ಅದಕ್ಕೇ ಆಕೆಯ ವಿಷಯ ಬರೀತಿದ್ದೀನಿ.

ಆಕೆಯ ಅಂಗಡಿ ನಮ್ಮ ಡಿಪೋದ ಹಿಂದಿನ ಬೀದಿಯಲ್ಲಿ, ಕನ್ನಡಕದ ಅಂಗಡಿಗೂ ಸೈಕಲ್ ರಿಪೇರಿ ಅಂಗಡಿಗೂ ನಡುವೆ. ಟೈಪಿಂಗ್, ಪ್ರಿಂಟ್, ಜೆರಾಕ್ಸ್ ಅಂತ ಬೋರ್ಡು. ಒಳಗೆ ಸಾಲಾಗಿ ನಾಲ್ಕು ಕಂಪ್ಯೂಟರ್, ನಾಲ್ಕೂ ಬೇರೆ ಬೇರೆ ಕಾಲದವು, ಒಂದೊಂದರಲ್ಲೂ ಆಯಾ ಕಾಲದ ಆಫೀಸ್ ಸಾಫ್ಟ್‌ವೇರ್. ಆಕೆ ಅವಕ್ಕೆ ಹೆಸರಿಟ್ಟಿದ್ದಾರೆ: ಅಜ್ಜಿ, ದೊಡ್ಡಮ್ಮ, ಚಿಕ್ಕಮ್ಮ, ಸೊಸೆ. ಅಜ್ಜಿ ಅಂದರೆ ಇಟ್ಟಿಗೆ ಬಣ್ಣಕ್ಕೆ ತಿರುಗಿರೋ ಡಬ್ಬಾ. ಆನ್ ಮಾಡಿದರೆ ಏಳು ನಿಮಿಷ ಕೆಮ್ಮಿ ಆಮೇಲೆ ಕಣ್ಣು ಬಿಡುತ್ತೆ. "ಇದನ್ನ ಗುಜರಿಗೆ ಹಾಕಬಾರದಾ ಮೇಡಂ?" ಅಂತ ಯಾರಾದರೂ ಅಂದರೆ, "ಅಜ್ಜಿ ಇಲ್ಲದಿದ್ದರೆ ಹಳೇ ಮಾತು ಯಾರಿಗೆ ಅರ್ಥ ಆಗುತ್ತೆ? ಸೊಸೆ ಜಾಣೆ ನಿಜ, ಆದರೆ ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತ ಬಾಯಿಬಿಟ್ಟು ಹೇಳಲ್ಲ. ಸುಮ್ಮನೆ ಬಿಟ್ಟು ಮುಂದಕ್ಕೆ ಹೋಗ್ತಾಳೆ," ಅಂತಾರೆ.

ಬೀದಿಯವರು ಆಕೆಗೆ ಇಟ್ಟಿರೋ ಹೆಸರು ಕಿಟಕಿ ಮೇಡಂ. ಒಂದು ಸಾಫ್ಟ್‌ವೇರಿನ ಫೈಲನ್ನ ಇನ್ನೊಂದರಲ್ಲಿ ತೆಗೆದು ಕೊಡಬೇಕು ಅಂದರೆ ಆಕೆ ಎರಡು ಪ್ರಿಂಟ್ ತೆಗೀತಾರೆ: ಅದು ಹುಟ್ಟಿದ ಸಾಫ್ಟ್‌ವೇರಿನಿಂದ ಒಂದು, ಹೊಸದರಿಂದ ಒಂದು. ಎರಡೂ ಹಾಳೆಯನ್ನ ಒಂದರ ಮೇಲೊಂದು ಇಟ್ಟು ಕಿಟಕಿ ಗಾಜಿಗೆ ಒತ್ತಿ ಹಿಡಿದು, ಹಿಂದಿನಿಂದ ಬರೋ ಬಿಸಿಲಲ್ಲಿ ಸಾಲು ಸಾಲೂ ನೋಡ್ತಾರೆ. ಸಾಲಿಗೆ ಸಾಲು ಕೂತರೆ ಸರಿ, ಇಲ್ಲದಿದ್ದರೆ ಕೊಡೋದಿಲ್ಲ. ಹತ್ತು ನಿಮಿಷದ ಕೆಲಸಕ್ಕೆ ಒಂದು ಗಂಟೆ. ಜನ ಬೈದುಕೊಂಡೇ ಕಾಯ್ತಾರೆ, ಕೆಲವರು ಮುಂದಿನ ಬೀದಿಯ ಅಂಗಡಿಗೆ ಹೋಗ್ತಾರೆ. ನಾನೂ ಹಾಗೆ ಹೋದವನೇ.

ಈಗ ನನ್ನ ಮಗಳ ವಿಷಯ. ಅವಳಿಗೆ ಐದನೇ ವರ್ಷದಿಂದ ಮೂರ್ಛೆ ರೋಗ. ನೆನಪಿಡಬೇಕಾದ್ದನ್ನೆಲ್ಲ ನೆನಪಿಟ್ಟವಳು ನನ್ನ ಹೆಂಡತಿ. ಯಾವತ್ತು ಮೂರ್ಛೆ ಬಂತು, ಎಷ್ಟು ನಿಮಿಷ ಇತ್ತು, ಯಾವ ಮಾತ್ರೆ ಶುರು ಮಾಡಿದರು, ಯಾವುದು ನಿಲ್ಲಿಸಿದರು, ಎಲ್ಲವನ್ನೂ ಮನೆಯ ಹಳೇ ಕಂಪ್ಯೂಟರಿನಲ್ಲಿ ಪಟ್ಟಿ ಮಾಡಿ ಬರೆದಿಟ್ಟಿದ್ದಳು. ಹದಿನೇಳು ವರ್ಷ, ನಲವತ್ತು ಪುಟ. ನಾನು ಡ್ಯೂಟಿ ಅಂತ ಓಡಾಡಿಕೊಂಡಿದ್ದೆ. ಅವಳು ತೀರಿಕೊಂಡು ಎರಡು ವರ್ಷ ಆಗುತ್ತೆ. ಆ ಫೈಲು ಬಿಟ್ಟರೆ ಮಗಳ ಕಾಯಿಲೆ ಬಗ್ಗೆ ಸರಿಯಾಗಿ ಗೊತ್ತಿರೋರು ನಮ್ಮ ಮನೆಯಲ್ಲಿ ಯಾರೂ ಉಳಿದಿರಲಿಲ್ಲ.

ಹೋದ ವರ್ಷ ಮಗಳಿಗೆ ಮೂರ್ಛೆ ಜಾಸ್ತಿ ಆಯ್ತು, ವಾರಕ್ಕೆ ಮೂರು ನಾಲ್ಕು ಸಲ. ದೊಡ್ಡ ಆಸ್ಪತ್ರೆಗೆ ಸೇರಿಸಿದೆ. ಅವಳನ್ನ ನೋಡ್ತಿದ್ದ ಹಳೇ ಡಾಕ್ಟರು ಕೆಲಸ ಬಿಟ್ಟು ಊರು ಸೇರಿದ್ದರು. ಹೊಸ ಡಾಕ್ಟರಮ್ಮ ಹಿಂದಿನ ದಾಖಲೆ ಕೇಳಿದರು. ನರ್ಸು, "ಯಾವುದಾದರೂ ಮಾತ್ರೆ ಒಗ್ಗಲ್ವಾ ಇವರಿಗೆ?" ಅಂದಾಗ ನಾನು ಎದೆ ಉಬ್ಬಿಸಿಕೊಂಡು, "ಎಲ್ಲಾ ಫೈಲಲ್ಲಿದೆ, ನೋಡ್ಕೊಳ್ಳಿ. ಅವಳಮ್ಮ ಒಂದೂ ಬಿಟ್ಟಿಲ್ಲ," ಅಂದೆ. ಆಕೆ ಫಾರಮ್ಮಿನಲ್ಲಿ 'ಫೈಲು ನೋಡಿ' ಅಂತ ಬರೆದುಕೊಂಡರು.

ಆದರೆ ಆ ಫೈಲು ಆಸ್ಪತ್ರೆ ಕಂಪ್ಯೂಟರಿನಲ್ಲಿ ತೆರೆಯಲೇ ಇಲ್ಲ. ನನಗೋ ಸಿಟ್ಟು ನೆತ್ತಿಗೇರಿತು. ಮನೆಗೆ ಬಂದು ಫೈಲಿನ ಹೆಸರಿನ ಬಾಲಕ್ಕಿದ್ದ ಮೂರು ಅಕ್ಷರ ಅಳಿಸಿ, ಹೊಸ ಫೈಲುಗಳಿಗೆ ಇರುತ್ತಲ್ಲ, ಆ ಬಾಲ ಅಂಟಿಸಿದೆ. ಹಳೇ ಬಸ್ಸಿಗೆ ಹೊಸ ನಂಬರ್ ಪ್ಲೇಟು ಹಾಕಿದರೆ ಇಂಜಿನ್ ಹೊಸದಾಗುತ್ತಾ? ಆ ಬುದ್ಧಿ ಆಗ ಹೊಳೆಯಲಿಲ್ಲ. ಪುಣ್ಯಕ್ಕೆ ಪಕ್ಕದ ಮನೆ ಸೊಸೆ ನೋಡಿ ನಕ್ಕು, ಹೆಸರು ಮೊದಲಿನ ಹಾಗೇ ಮಾಡಿ, ತನ್ನ ಲ್ಯಾಪ್‌ಟಾಪಿನಲ್ಲಿ ಯಾವುದೋ ಬೇರೆ ಸಾಫ್ಟ್‌ವೇರಿನಿಂದ ತೆಗೆದು ಹೊಸ ನಮೂನೆಯಲ್ಲಿ ಉಳಿಸಿಕೊಟ್ಟಳು. ಎಷ್ಟು ಚೆನ್ನಾಗಿ ಬಂತು ಅಂತೀರಿ! ನಲವತ್ತು ಪುಟವೂ ಅಚ್ಚುಕಟ್ಟು, ಒಂದಕ್ಷರ ಕೆಟ್ಟಿಲ್ಲ. ಮೇಲ್ ಮಾಡಿದೆವು, ಆಸ್ಪತ್ರೆಯಲ್ಲೂ ತೆರೆಯಿತು. ಡಾಕ್ಟರಮ್ಮ ಓದಿ, "ನಿಮ್ಮ ಮನೆಯವರು ಬಹಳ ಶಿಸ್ತಿನವರು," ಅಂದರು. ನನಗೆ ಕಣ್ಣು ತುಂಬಿ ಬಂತು.

ಮಾರನೇ ದಿನ ಬೆಳಿಗ್ಗೆ ನರ್ಸು, "ಅದರದ್ದೊಂದು ಪ್ರಿಂಟ್ ತಂದುಬಿಡಿ, ಕೇಸಿನ ಜೊತೆ ಇಡೋಕೆ," ಅಂದರು. ಮುಂದಿನ ಬೀದಿಯ ಅಂಗಡಿ ಬಾಗಿಲು ಹಾಕಿತ್ತು. ಬೇರೆ ದಾರಿ ಇಲ್ಲದೆ ಕಿಟಕಿ ಮೇಡಂ ಹತ್ತಿರ ಹೋದೆ.

ಪೆನ್ ಡ್ರೈವ್ ಹಾಕಿ ನೋಡಿದವರೇ, "ಇದರಲ್ಲಿ ಎರಡಿದೆಯಲ್ಲಾ, ಮೂಲ ಯಾವುದು?" ಅಂದರು.

"ಹಳೇದು ಮೂಲ. ಅದು ಬೇಡ. ಹೊಸದು ಕೊಡಿ, ಸಾಕು."

"ಏನಿದು ಇದರಲ್ಲಿ?"

"ಮಗಳ ಮಾತ್ರೆ ಲೆಕ್ಕ. ಆಸ್ಪತ್ರೆಗೆ ಕೊಡಬೇಕು. ಬೇಗ ಕೊಡಿ ಮೇಡಂ."

ಮಾತ್ರೆ ಅಂದಿದ್ದೇ ತಡ, ಆಕೆ ಎದ್ದು ಹೋಗಿ ಅಜ್ಜಿಯನ್ನ ಆನ್ ಮಾಡಿದರು. ಏಳು ನಿಮಿಷ ಅದು ಕೆಮ್ಮೋದನ್ನ ನೋಡ್ತಾ ನಿಂತೆ. ಆಮೇಲೆ ಅದರಿಂದ ಒಂದೊಂದೇ ಹಾಳೆ ತೆಗೆಯೋಕೆ ಶುರು ಮಾಡಿದರು. ನನ್ನ ತಾಳ್ಮೆ ಮುಗೀತು.

"ಏನ್ರೀ ನಿಮ್ಮ ಗೋಳು! ತೆರೆಯಿತಲ್ಲಾ? ಡಾಕ್ಟರೇ ಓದಿ ಚೆನ್ನಾಗಿದೆ ಅಂದರಲ್ಲಾ? ಇನ್ನೇನು ಬೇಕು ನಿಮಗೆ? ಕೆಲಸ ಇಲ್ಲದೆ ಬಂದಿದ್ದೀನಾ ನಾನು? ಕೊಡ್ತೀರೋ, ಪೆನ್ ಡ್ರೈವ್ ಕಿತ್ತುಕೊಂಡು ಹೋಗಲೋ?"

ಸೈಕಲ್ ರಿಪೇರಿಯವನು ಪಂಪು ಬಿಟ್ಟು ಬಾಗಿಲಿಗೆ ಬಂದು ನಿಂತ, ಅಷ್ಟು ಜೋರಾಗಿ ಕೂಗಿದ್ದೆ. ಮೇಡಂ ಒಂದು ಹೆಜ್ಜೆ ಹಿಂದೆ ಸರಿದರು. ಆದರೂ ಹಾಳೆ ಬಿಡಲಿಲ್ಲ.

"ನೀವು ಡಿಪೋದವರಲ್ವಾ? ಬ್ರೇಕ್ ನೋಡದೆ ಬಸ್ ಬಿಡ್ತೀರಾ?"

ಪೆನ್ ಡ್ರೈವ್ ಕಡೆ ಚಾಚಿದ್ದ ಕೈ ಹಿಂದಕ್ಕೆ ತೆಗೆದುಕೊಂಡೆ. ಅವರು ಹೊಸದರ ಪ್ರಿಂಟೂ ತೆಗೆದು, ಎರಡನ್ನೂ ಜೋಡಿಸಿ ಗಾಜಿಗೆ ಹಿಡಿದರು. ಮೊದಲ ಪುಟ ಸರಿ. ಎರಡು, ಮೂರು ಸರಿ. ಒಂಬತ್ತನೇ ಪುಟಕ್ಕೆ ಬಂದಾಗ ಬೆರಳು ನಿಂತಿತು.

"ಇಲ್ಲಿ ನೋಡಿ. ಈ ಮಾತ್ರೆ ಹೆಸರಿನ ಮೇಲೆ ಹಳೇದರಲ್ಲಿ ಅಡ್ಡಗೆರೆ ಇದೆ. ಪಕ್ಕದಲ್ಲಿ ಸಣ್ಣ ಟಿಪ್ಪಣಿನೂ ಇದೆ. ಹೊಸದರಲ್ಲಿ ಗೆರೆನೂ ಇಲ್ಲ, ಟಿಪ್ಪಣಿನೂ ಇಲ್ಲ. ಹೆಸರು ಮಾತ್ರ ಇದೆ. ಓದಿದವರಿಗೆ ಇದೂ ಒಗ್ಗಿದ ಮಾತ್ರೆ ಹಾಗೇ ಕಾಣುತ್ತೆ."

ಟಿಪ್ಪಣಿ ಓದಿದೆ. ನನ್ನ ಹೆಂಡತಿಯ ಮಾತೇ, ಅವಳು ಮಾತಾಡ್ತಿದ್ದ ಹಾಗೇ ಬರೆದಿದ್ದಳು: 'ಮೈಯೆಲ್ಲ ಬೊಬ್ಬೆ, ಬಾಯೊಳಗೂ. ಹದಿನಾರು ದಿನ ಆಸ್ಪತ್ರೆ. ಜನ್ಮದಲ್ಲಿ ಇದನ್ನ ಇವಳಿಗೆ ಕೊಡಬಾರದು ಅಂದಿದ್ದಾರೆ ಡಾಕ್ಟರು.'

ಮಗಳಿಗೆ ಆಗ ಒಂಬತ್ತು ವರ್ಷ. ಚರ್ಮ ಸುಲಿದು ಹೋಗಿತ್ತು ಮಗುವಿಗೆ. ಅದು ನನಗೆ ಮರೆತಿರಲಿಲ್ಲ, ಮಾತ್ರೆಯ ಹೆಸರು ಮಾತ್ರ ನಾನು ಯಾವತ್ತೂ ಕೇಳಿರಲಿಲ್ಲ. ಆ ಹೆಸರನ್ನ ಅವತ್ತು ಬೆಳಿಗ್ಗೆ ಇನ್ನೊಂದು ಕಡೆ ಓದಿದ್ದೆ. ಡಾಕ್ಟರಮ್ಮ ಬರೆದುಕೊಟ್ಟಿದ್ದ ಹೊಸ ಚೀಟಿಯಲ್ಲಿ. ಔಷಧಿ ಅಂಗಡಿಯಿಂದ ತಂದು ನರ್ಸಿನ ಕೈಗೆ ಕೊಟ್ಟು ಬಂದವನೇ ನಾನು.

ಜೇಬೆಲ್ಲ ತಡಕಿದೆ, ಫೋನು ಸಿಗಲಿಲ್ಲ. ಮೇಡಮ್ಮೇ ತಮ್ಮ ಫೋನು ಮುಂದೆ ಹಿಡಿದು, "ನಂಬರ್ ಹೇಳಿ, ನಂಬರ್!" ಅಂದರು. ಮಗಳ ನಂಬರ್ ಹೇಳಿದೆ. ನಾಲ್ಕು ರಿಂಗಿಗೆ ಎತ್ತಿದಳು.

"ಯಾರು?"

"ನಾನು ಕಣೇ! ಮಾತ್ರೆ ತಗೊಂಡ್ಯಾ?"

"ಹ್ಞೂಂ ಅಪ್ಪಾ, ಈಗ ಬಾಯಿಗೆ ಹಾಕ್ಕೊಂಡೆ..." ಮಾತು ಬಾಯಲ್ಲಿ ಏನೋ ಇಟ್ಟುಕೊಂಡ ಹಾಗೆ ಬಂತು.

"ಉಗಿ! ಉಗುಳೇ ಅದನ್ನ! ನುಂಗಬೇಡ!"

ಫೋನು ದಡ್ ಅಂತ ಬಿದ್ದ ಸದ್ದು. ಆಮೇಲೆ ಏನೂ ಇಲ್ಲ. "ಅಯ್ಯೋ, ಬಾಯಿಗೆ ಹಾಕ್ಕೊಂಡುಬಿಟ್ಟಿದ್ದಾಳೆ!" ಅಂತ ಕಿರುಚಿ, ಆ ಹಳೇ ಪ್ರಿಂಟನ್ನ ಬಾಚಿಕೊಂಡು ಓಡಿದೆ. ಸೈಕಲ್ಲಿನವನು ರಿಪೇರಿಗೆ ಬಂದಿದ್ದ ಯಾರದ್ದೋ ಸೈಕಲ್ಲು ನನ್ನ ಕಡೆ ತಳ್ಳಿ, "ಹತ್ತಿ ಅಣ್ಣಾ, ಹತ್ತಿ," ಅಂದ. ಅಂಗಡಿಗೆ ಬೆನ್ನು ಹಾಕಿ ಹೊರಟವನು ತಿರುಗಿ ನೋಡಲಿಲ್ಲ.

ಮಗಳು ಉಗುಳಿದ್ದಳು. ನನ್ನ ಕೂಗಿಗೆ ಬೆಚ್ಚಿಬಿದ್ದು ಮಾತ್ರೆ, ನೀರು, ಫೋನು ಎಲ್ಲ ಒಟ್ಟಿಗೆ ನೆಲಕ್ಕೆ ಬಿಟ್ಟಿದ್ದಳಂತೆ. ನನ್ನ ಹಾಳು ಬಾಯಿ ಜೀವಮಾನದಲ್ಲಿ ಒಂದು ಸಲ ಉಪಯೋಗಕ್ಕೆ ಬಂತು. ಡಾಕ್ಟರಮ್ಮ ಹಳೇ ಪ್ರಿಂಟನ್ನೂ ತಮ್ಮ ಪರದೆಯನ್ನೂ ಮೂರು ಸಲ ನೋಡಿ ಕುರ್ಚಿಗೆ ಒರಗಿ ಕೂತರು. "ನಾನೂ ಕೇಳಬೇಕಿತ್ತು," ಅಂದರು. "ಹೇಳಬೇಕಾಗಿದ್ದವನು ನಾನು," ಅಂದೆ. ಮಾತ್ರೆ ಬದಲಾಯಿತು. ಒಂದು ವಾರದಲ್ಲಿ ಮೂರ್ಛೆ ಕಡಿಮೆ ಆಯ್ತು. ಹನ್ನೊಂದನೇ ದಿನ ಮನೆಗೆ ಕಳಿಸಿದರು.

ಆ ಹನ್ನೊಂದು ದಿನದಲ್ಲಿ ನಾನು ಮೇಡಂಗೆ ಒಂದು ಮಾತು ಹೇಳಿರಲಿಲ್ಲ. ಆಸ್ಪತ್ರೆಯ ಓಡಾಟ ಅನ್ನೋದು ನೆಪ ಅಷ್ಟೆ. ಅಷ್ಟೆಲ್ಲ ಕೂಗಾಡಿ ಬಂದು ಯಾವ ಮುಖ ಇಟ್ಟುಕೊಂಡು ಹೋಗಲಿ ಅನ್ನೋ ನಾಚಿಕೆ. ಆಸ್ಪತ್ರೆಯಿಂದ ಬರ್ತಾ ಮಗಳೇ ಆಟೋ ನಿಲ್ಲಿಸಿ, "ಮೊದಲು ಆ ಮೇಡಂ ಅಂಗಡಿಗೆ. ಇಲ್ಲದಿದ್ದರೆ ನಾನು ಮನೆಗೆ ಬರಲ್ಲ," ಅಂತ ಹಟ ಹಿಡಿದಳು. ಅಮ್ಮನ ಮಗಳು.

ಸೈಕಲ್ಲಿನವನು ನನ್ನನ್ನ ನೋಡಿದ್ದೇ ಎದ್ದು ಬಂದ. "ಎಲ್ಲಿ ಹೋಗಿದ್ದಿರಿ ಅಣ್ಣಾ? ಮೇಡಂ ದಿನಾ ನನ್ನ ಹತ್ರ ಬಂದು ಏನಾದರೂ ಸುದ್ದಿ ಬಂತಾ ಅಂತ ಕೇಳ್ತಾರೆ. ನಂಬರ್ ಅವರ ಫೋನಲ್ಲೇ ಇದೆ. ಮಾಡಿ ಅಂದರೆ ಮಾಡಲ್ಲ, ಹೆದರ್ತಾರೆ." ಆಮೇಲೆ ದನಿ ತಗ್ಗಿಸಿ ಆಕೆಯ ಕಥೆ ಹೇಳಿದ.

ಆಕೆ ಮೊದಲು ಒಂದು ದೊಡ್ಡ ಕಚೇರಿಯಲ್ಲಿ ಟೈಪಿಸ್ಟು. ಒಂದು ಸಲ ವರ್ಗಾವಣೆ ಪಟ್ಟಿ ಟೈಪ್ ಮಾಡಿದರು. ಒಬ್ಬ ಗುಮಾಸ್ತೆಯ ಹೆಸರಿಗೆ ಪುಟದ ಕೆಳಗೆ ಅಡಿಟಿಪ್ಪಣಿ: ತಾಯಿ ಹಾಸಿಗೆ ಹಿಡಿದಿದ್ದಾರೆ, ಇವರನ್ನು ಇಲ್ಲೇ ಇರಿಸತಕ್ಕದ್ದು. ಮೇಲಿನ ಕಚೇರಿಯಲ್ಲಿ ಬೇರೆ ಸಾಫ್ಟ್‌ವೇರ್. ಅಲ್ಲಿ ಪಟ್ಟಿ ತೆರೆಯಿತು, ಅಡಿಟಿಪ್ಪಣಿ ತೆರೆಯಲಿಲ್ಲ. ಆ ಹೆಂಗಸು ದೂರದ ಊರಿಗೆ ಹೋಗಬೇಕಾಯ್ತು. ತಪ್ಪು ಗೊತ್ತಾಗಿ ಸರಿ ಮಾಡೋ ಹೊತ್ತಿಗೆ ಆ ತಾಯಿ ತೀರಿಕೊಂಡುಬಿಟ್ಟಿದ್ದರು. ಮೇಡಂದು ಏನೂ ತಪ್ಪಿಲ್ಲ ಅಂತ ಕಚೇರಿಯವರೆಲ್ಲ ಹೇಳಿದರೂ ಆಕೆ ಕೇಳಲಿಲ್ಲ. "ಕಳಿಸಿದ ಮೇಲೆ ತಲುಪಿದ್ದು ಏನು ಅಂತ ನಾನು ನೋಡಲಿಲ್ಲ," ಅಂತ ಕೆಲಸ ಬಿಟ್ಟು ಬಂದು ಈ ಅಂಗಡಿ ಇಟ್ಟರಂತೆ.

ಅಂಥವರ ಕಿವಿಗೆ ಮಗಳು ಬಾಯಿಗೆ ಹಾಕ್ಕೊಂಡುಬಿಟ್ಟಿದ್ದಾಳೆ ಅಂತ ಕಿರುಚಿ ಓಡಿಹೋಗಿದ್ದೆ ನಾನು. ಉಗುಳಿದಳು ಅಂತ ಹೇಳೋಕೆ ಹನ್ನೊಂದು ದಿನ. ನನಗೆ ಅಲ್ಲೇ ಭೂಮಿ ಬಾಯಿಬಿಡಬಾರದಾ ಅನ್ನಿಸಿತು.

ಒಳಗೆ ಹೋದೆವು. ಮೇಡಂ ಸೊಸೆ ಅನ್ನೋ ಆ ಕಂಪ್ಯೂಟರಿನ ಮುಂದೆ ಕೂತು ಏನೋ ಟೈಪ್ ಮಾಡ್ತಿದ್ದರು. ನನ್ನನ್ನ ನೋಡಿದ್ದೇ ಮುಖ ಬಿಳುಚಿಕೊಂಡಿತು. ನನ್ನ ಹಿಂದೆ ಯಾರಿದ್ದಾರೆ ಅಂತ ನೋಡೋಕೂ ಧೈರ್ಯ ಇಲ್ಲದೆ ಕೀಬೋರ್ಡಿನ ಕಡೆ ಕಣ್ಣು ಇಳಿಸಿಬಿಟ್ಟರು. ಮಗಳು ನನ್ನನ್ನ ಪಕ್ಕಕ್ಕೆ ಸರಿಸಿ ಮುಂದೆ ಹೋಗಿ ನಿಂತಳು.

"ಅತ್ತೆ, ಆ ಫೈಲು ನಾನೇ."

ಮೇಡಂ ತಲೆ ಎತ್ತಿದರು. ಎದ್ದರು. ಕುರ್ಚಿ ಹಿಂದಕ್ಕೆ ಬಿತ್ತು, ಅದನ್ನ ನೋಡಲಿಲ್ಲ. ಮಗಳ ಎರಡೂ ಕೈ ಹಿಡಿದುಕೊಂಡು ಅಳೋಕೆ ಶುರು ಮಾಡಿದರು. ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು, ಬಾಗಿಲಲ್ಲಿ ಸೈಕಲ್ಲಿನವನಿದ್ದ. ಯಾರ ಹಂಗೂ ಇಲ್ಲದೆ ಚಿಕ್ಕ ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತರು. ನಾನೂ ಅತ್ತುಬಿಟ್ಟೆ. ಕೈ ಮುಗಿದು, "ತಪ್ಪಾಯ್ತು ತಾಯಿ, ಅವತ್ತು ಬೈದಿದ್ದೂ ತಪ್ಪು, ಇಷ್ಟು ದಿನ ಬರದೇ ಇದ್ದಿದ್ದೂ ತಪ್ಪು," ಅಂದೆ. ಅವರಿಗೆ ಅದು ಕೇಳಿಸಿತೋ ಇಲ್ಲವೋ, ಗೊತ್ತಿಲ್ಲ. ನನ್ನ ಕಡೆ ತಿರುಗಲೇ ಇಲ್ಲ.

ಕೊನೆಗೆ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ಮಗಳಿಗೆ ಹೇಳಿದರು: "ಇಪ್ಪತ್ತೆರಡು ವರ್ಷದಿಂದ ಫೈಲು ಕಳಿಸ್ತಾನೇ ಇದ್ದೀನಿ ಕಣಮ್ಮ. ತಪ್ಪಾದರೆ ಓಡಿ ಬರ್ತಾರೆ. ಸರಿಯಾಗಿ ತಲುಪಿತು ಅಂತ ಹೇಳೋಕೆ ಇವತ್ತಿನವರೆಗೂ ಒಬ್ಬರೂ ಬಂದಿರಲಿಲ್ಲ. ನೀನೇ ಮೊದಲು."