ಗ್ರೇಡ್ ಟೂ: ವಾಸಣ್ಣನ ಬಲಗೈ

ನಿವೃತ್ತಿಗೆ ಇನ್ನೂ ಮೂರು ವರ್ಷವಿತ್ತು. ಠಾಣೆ ನಗರದ ಒಂದು ಆಸ್ಪತ್ರೆಯಲ್ಲಿ ನಾನು ಚರ್ಮರೋಗ ವಿಭಾಗದ ಮುಖ್ಯಸ್ಥೆ. ಡ್ಯೂಟಿಗೆ ಮುಂಚೆ ನೌಪಾಡಾದ ಉಡುಪಿ ಹೋಟೆಲೊಂದರಲ್ಲಿ ಎರಡು ಇಡ್ಲಿ, ಒಂದು ಕಾಫಿ; ಅದು ತಪ್ಪುತ್ತಿರಲಿಲ್ಲ. ಅಲ್ಲಿನ ಅಡುಗೆಯವರು ಕುಂದಾಪುರದ ಕಡೆಯ ವಾಸಣ್ಣ. ಹಬೆಯಾಡುವ ಇಡ್ಲಿ ತಟ್ಟೆಗಳನ್ನು ಬರಿಗೈಯಲ್ಲೇ ಇಳಿಸುತ್ತಿದ್ದರು. ನಮ್ಮೂರ ಕಡೆಯ ಹೋಟೆಲ್ ಜನರಲ್ಲಿ ಬಿಸಿಗೆ ಬಟ್ಟೆ ಹಿಡಿಯದ ಕೈಗೆ ಬಲು ಮರ್ಯಾದೆ. ಮಾಲೀಕ ಸುಧಾಕರ ರಾಯರು ಗಿರಾಕಿಗಳನ್ನು ಕರೆದು ತೋರಿಸುತ್ತಿದ್ದರು. ನಾನೂ ಒಮ್ಮೆ, "ಎಂಥ ಪಳಗಿದ ಕೈ ಮಾರಾಯ್ರೇ!" ಎಂದು ಹೊಗಳಿದ್ದೆ. ಬಿಸಿ ತಿಳಿಯದ ಕೈ ಕಂಡರೆ ಕುಷ್ಠ ನೆನಪಾಗಬೇಕು ಎಂದು ವಿದ್ಯಾರ್ಥಿಗಳನ್ನು ಗದರುತ್ತಿದ್ದವಳೂ ನಾನೇ.

ಮಳೆಗಾಲ ಮುಗಿದ ಮೇಲೆ ಒಂದು ಬೆಳಿಗ್ಗೆ ವಾಸಣ್ಣ ಓಪಿಡಿಗೆ ಬಂದರು. ಬಲ ಅಂಗೈಯಲ್ಲಿ ತಿಂಗಳಾದರೂ ಮಾಯದ ಸುಟ್ಟ ಗಾಯ. ಕಿರುಬೆರಳು, ಉಂಗುರಬೆರಳು ಒಳಕ್ಕೆ ಬಾಗಿದ್ದವು.

"ಮುಲಾಮು ಕೊಟ್ರೆ ಸಾಕ್ ಅಮ್ಮ, ನಾಳೆ ಕೆಲ್ಸಕ್ಕೆ ಹೋಯ್ಕ್," ಎಂದರು.

ಕಣ್ಣು ಮುಚ್ಚಿಸಿ, ಪೆನ್ನಿನ ತುದಿ ತಾಗಿದಾಗೆಲ್ಲ ಹೂಂ ಅನ್ನಿ ಎಂದೆ. ಅಂಗೈಯ ಒಂಬತ್ತು ಕಡೆ ತಾಗಿಸಿದೆ. ವಾಸಣ್ಣ ವಿಧೇಯರಾಗಿ ಕಾಯುತ್ತಲೇ ಇದ್ದರು. ಆಮೇಲೆ ಕೇಳಿದರು: "ಇನ್ನೂ ಶುರು ಮಾಡ್ಲಿಲ್ಯಾ ಅಮ್ಮ?"

ಮೊಣಕೈ ಬಳಿಯ ನರ ಮುಟ್ಟಿ ನೋಡಿದೆ, ದಪ್ಪವಾಗಿತ್ತು; ಕುಷ್ಠದ ಗುರುತು.

ಕುಷ್ಠದ ಕಾರ್ಡಿನಲ್ಲಿ ಕೈಕಾಲುಗಳಿಗೆ ಗ್ರೇಡ್ ಬರೆಯುತ್ತೇವೆ. ಸ್ಪರ್ಶ ಸರಿಯಿದ್ದು ಊನವೂ ಇಲ್ಲದಿದ್ದರೆ ಝೀರೊ. ಸ್ಪರ್ಶ ಹೋಗಿದ್ದು ಹೊರಗೆ ಏನೂ ಕಾಣದಿದ್ದರೆ ಒನ್. ಬಾಗಿದ ಬೆರಳು, ಹುಣ್ಣು ಕಣ್ಣಿಗೆ ಕಂಡರೆ ಟೂ. ನರ ಸೋತ ಹೊಸದರಲ್ಲಿ, ಸುಮಾರು ಆರು ತಿಂಗಳೊಳಗೆ, ಔಷಧ ಕೊಟ್ಟರೆ ಸ್ಪರ್ಶ ಮರಳುವ ಆಸೆಯುಂಟು. ತಡವಾದರೆ ಕಷ್ಟ. ನಾನು ಗ್ರೇಡ್ ಟೂ ಎಂದು ಬರೆದೆ.

"ಬಿಸಿ ಗೊತ್ತಾಗದೆ ಎಷ್ಟು ಸಮಯ ಆಯ್ತು?"

"ಎರಡು ವರ್ಷ ಆಯ್ತೇನೋ. ಕೈ ಪಳಗಿತ್ ಅಂದ್ಕಂಡೆ. ಡಾಕ್ಟ್ರಾದ ನೀವೇ ಹೇಳಿದ್ರಲ್ಲ."

ಅವತ್ತು ಹೊಗಳುವ ಬದಲು ಕೈ ಹಿಡಿದು ನೋಡಿದ್ದರೆ!

ಹನ್ನೆರಡು ತಿಂಗಳು ಮಾತ್ರೆ ನುಂಗಿದರು. ರೋಗ ಗುಣವಾಯಿತು, ಬೆರಳು ನೆಟ್ಟಗಾಗಲಿಲ್ಲ, ಸ್ಪರ್ಶವೂ ಬರಲಿಲ್ಲ. ಮಾತ್ರೆ ಶುರುವಾದ ಮೇಲೆ ಇದು ಹರಡುವುದಿಲ್ಲ ಎಂದು ರಾಯರಿಗೆ ಬಿಡಿಸಿ ಹೇಳಿದೆ. ಪುಣ್ಯಾತ್ಮ, ಕೆಲಸದಿಂದ ತೆಗೆಯಲಿಲ್ಲ. ಆದರೆ ಇನ್ನು ಒಲೆಯ ಹತ್ತಿರ ಬಿಡಬೇಡಿ ಎಂದು ಚೀಟಿ ಬರೆಯಬೇಕಾದವಳು ನಾನೇ. ಮೂವತ್ತು ವರ್ಷ ಒಲೆಯ ಮುಂದೆ ನಿಂತ ಮನುಷ್ಯ ಟೋಕನ್ ಕೌಂಟರಿನಲ್ಲಿ ಕುಳಿತರು.

ಕೊನೆಯ ಮಾತ್ರೆಯ ದಿನ ಹೇಳಿಯೇಬಿಟ್ಟೆ: "ನಾನು ಮೊದಲೇ ಗುರುತಿಸಬೇಕಿತ್ತು ವಾಸಣ್ಣ. ತಪ್ಪಾಯ್ತು."

ಅವರು ನಕ್ಕರು. "ನೀವ್ ತಿಂಡಿಗ್ ಬಂದದ್ದಲ್ದಾ ಅಮ್ಮ, ಡ್ಯೂಟಿಗಲ್ಲ."

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಆ ಮಾತು ಇವತ್ತಿಗೂ ನನ್ನ ಬೆನ್ನು ಬಿಟ್ಟಿಲ್ಲ. ವೈದ್ಯೆಯ ಕಣ್ಣಿಗೆ ತಿಂಡಿಯ ಹೊತ್ತೆಂದು ರಜೆಯಿಲ್ಲ ಎಂಬುದನ್ನು ಕಲಿಯಲು ನನಗೆ ಇನ್ನೊಬ್ಬರ ಕೈ ಬೇಕಾಯಿತು. ಈಗ ನಿವೃತ್ತಳಾಗಿ ಅಲ್ಲೇ ಹತ್ತಿರದ ಸೀವುಡ್ಸ್‌ನಲ್ಲಿದ್ದೇನೆ. ಯಾವ ಹೋಟೆಲಿಗೆ ಹೋದರೂ ಅಡುಗೆಯವರ ಕೈ ಹಿಡಿದು ಮೆಲ್ಲಗೆ ಚಿವುಟುತ್ತೇನೆ. ಮುದುಕಿಗೆ ತಲೆ ಕೆಟ್ಟಿದೆ ಎಂದು ನಗುವವರೂ ಇದ್ದಾರೆ. ನಗಲಿ. ಚಿವುಟಿಸಿಕೊಂಡವರು ನೋವಿಗೆ "ಆಯಿ ಗ!" ಎಂದು ಕೈ ಎಳೆದುಕೊಂಡು ಸಿಡುಕಿದರೆ ಸಾಕು, ನಾನು ಮತ್ತೆ ಉಸಿರಾಡುತ್ತೇನೆ.