ಮಂಜಿನಲ್ಲಿ ಬಾರಿಸಿದ ಜಾಗಟೆ

ಬೆನೀತಾಳಿಗೆ ಮಂಜೆಂದರೆ ಜೀವಭಯ. ಕಳ್ಳಕಾಕರಿಗೆ ಅಂಜದ ಹೆಂಗಸು, ಕಿಟಕಿಯಾಚೆ ಬಿಳುಪು ಕವಿಯಿತೆಂದರೆ ಕೈಕಾಲು ತಣ್ಣಗಾಗಿ ಕುಳಿತುಬಿಡುತ್ತಿದ್ದಳು.

ಆಕೆ ಹುಟ್ಟಿದ್ದು ಸ್ಪೇನ್ ದೇಶದ ವಾಲ್ಸೊಂಬ್ರಾ ಎಂಬ ಹಳ್ಳಿಯಲ್ಲಿ. ಕಲ್ಲುಗೋಡೆಯ ಹತ್ತಿಪ್ಪತ್ತು ಮನೆ, ಒಂದು ಇಗರ್ಜಿ, ಸುತ್ತ ಕುರಿ ಮೇಯುವ ಬೋಳು ಗುಡ್ಡ, ಗುಡ್ಡದಾಚೆ ಆಳವಾದ ಕೊರಕಲು. ಮಂಜು ಇಳಿದರೆ ಕುರಿಗಾಹಿಗಳೆಲ್ಲ ಮನೆ ಸೇರುವವರೆಗೂ ಇಗರ್ಜಿಯ ಗಂಟೆ ನಿಲ್ಲಬಾರದೆಂಬುದು ಊರ ಕಟ್ಟಳೆ. ಒಮ್ಮೆ ಎಲ್ಲರೂ ಬಂದರೆಂದು ತಪ್ಪಾಗಿ ತಿಳಿದು ಗಂಟೆ ನಿಲ್ಲಿಸಿದರು. ಬೆನೀತಾಳ ಅಣ್ಣ ಆಮೇಲೆ ಕೊರಕಲಿನಲ್ಲಿ ಸಿಕ್ಕಿದ, ಹೆಣವಾಗಿ.

ಮದುವೆಯಾಗಿ ಅಮೆರಿಕದ ನೆವಾರ್ಕ್‌ಗೆ ಬಂದಳು, ಅಲ್ಲಿಯೇ ವಿಧವೆಯಾದಳು. ಕಂಪ್ಯೂಟರ್ ಕೆಲಸದವರು ಅದೇ ಸೀಮೆಯ ಮನ್ರೋ ಊರಿನಲ್ಲಿ ಸಾಲುಸಾಲಾಗಿ ಮನೆ ಕೊಳ್ಳುತ್ತಿದ್ದ ಆ ಕಾಲದಲ್ಲಿ ಸೌಜನ್ಯಾ ಎಂಬ ಕನ್ನಡತಿಯ ಮನೆಗೆಲಸಕ್ಕೆ ಸೇರಿದಳು. ಗದಗಿನಿಂದ ಸೌಜನ್ಯಾಳ ಅತ್ತೆ ಶೈಲಮ್ಮ, ಮಾವ ಅಡಿವೆಪ್ಪ ಬಂದಿದ್ದರು.

ನವೆಂಬರಿನ ಒಂದು ಬೆಳಗ್ಗೆ ಅಡಿವೆಪ್ಪ ಎಂದಿನಂತೆ ತಿರುಗಾಡಲು ಹೋದರು. ಹಿಂದೆಯೇ ಮಂಜು ಇಳಿಯಿತು. ಎಲ್ಲ ಮನೆಗಳೂ ಒಂದೇ ಅಚ್ಚಿನವು. ಬಡಾವಣೆಯ ಅಂಚಿಗೆ ಪಕ್ಕದೂರು ಕ್ರ್ಯಾನ್‌ಬರಿಯ ಗೋದಾಮುಗಳಿಗೆ ಟ್ರಕ್ಕುಗಳು ಓಡುವ ಹೆದ್ದಾರಿ. ಮುದುಕರಿಗೆ ಇಂಗ್ಲಿಷ್ ಬಾರದು. ಚಹಾ ಆರಿತು, ಅವರು ಬರಲಿಲ್ಲ.

“ಅತ್ತಿ, ಪೊಲೀಸರಿಗೆ ಕಾಲ್ ಮಾಡೀನಿ. ಬರಾಕತ್ತಾರ,” ಎಂದಳು ಸೌಜನ್ಯಾ.

ಬೆನೀತಾ ಗಂಟೆ ಹುಡುಕಿದಳು. ಪೂಜೆಯ ಗಂಟೆ ಹೆಬ್ಬೆರಳಿನಷ್ಟೇ ಇತ್ತು. ಅದರ ಪಕ್ಕದಲ್ಲಿದ್ದ ಕಂಚಿನ ಜಾಗಟೆಯನ್ನು ಎತ್ತಿಕೊಂಡು ಬಾಗಿಲಿಗೆ ಓಡಿದಳು.

ಶೈಲಮ್ಮ ಅಡ್ಡ ನಿಂತರು. “ಏ ಬ್ಯಾಡವ್ವಾ! ಪೂಜಿಗೆ ಬಾರಸೋದು ಬ್ಯಾರೆ. ಹಂಗ ಬಿಡದ ಬಾರಿಸಿದ್ರ ಹೆಣದ ಮುಂದ ಬಾರಿಸಿದಂಗ. ನನ್ನ ತಾಳಿಗೆ ಕೇಡು ಬಯಸಬ್ಯಾಡ!”

ಸೌಜನ್ಯಾ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಬೆನೀತಾ ಶೈಲಮ್ಮನ ಕೈ ಹಿಡಿದು ಕಣ್ಣೀರಿಟ್ಟಳೇ ಹೊರತು ಜಾಗಟೆ ಬಿಡಲಿಲ್ಲ. ಅಂಗಳಕ್ಕಿಳಿದು ಬಡಿದಳು, ಬಡಿಯುತ್ತಲೇ ಇದ್ದಳು. ಬಿಳುಪಿನೊಳಗಿಂದ ಟ್ರಕ್ಕಿನ ಹಾರನ್ ಒಂದೇ ಸಮನೆ ಕೂಗಿ, ತಟ್ಟನೆ ನಿಂತಿತು. ಶೈಲಮ್ಮ ಕುಸಿದು ಕುಳಿತರು. ಬೆನೀತಾಳ ತೋಳು ಸೋತಿತು. ಕೈ ಬದಲಿಸಿ ಮತ್ತೆ ಬಡಿದಳು.

ಕೊನೆಗೆ ಬೂಟಿನ ಸದ್ದು. ಅಡಿವೆಪ್ಪ ಏದುಸಿರು ಬಿಡುತ್ತಾ, ಬಿದ್ದೆದ್ದು ಓಡಿ ಬಂದರು. ಟೋಪಿ ಇಲ್ಲ, ಮುಖ ಬಿಳಿಚಿತ್ತು.

“ಯಾರು ಹೋದ್ರು? ಏ, ನೀ ಅದಿಯೇನ?”

“ಅದೀನ್ರಿ!” ಶೈಲಮ್ಮ ಅವರ ತೋಳನ್ನು ಗಟ್ಟಿಯಾಗಿ ಹಿಡಿದರು. “ಎಲ್ಲಿ ಸಾಯಾಕ ಹೋಗಿದ್ರಿ?”

“ದೊಡ್ಡ ರಸ್ತೆದಾಗ ಕಾಲಿಟ್ಟಿದ್ದೆ. ಜಾಗಟಿ ಸಪ್ಪಳ ಕೇಳಿ ಎದಿ ಒಡೀತು, ಮನಿ ಕಡೆ ಹೊಳ್ಳಿದೆ. ಬೆನ್ನ ಹಿಂದ ಲಾರಿ ಹೋತು. ಅದರ ಗಾಳಿಗೆ ಟೊಪಿಗಿ ಹಾರಿತು.”

ಸೌಜನ್ಯಾಳ ಬಾಯಿಂದ ಅಷ್ಟನ್ನೂ ಕೇಳಿದ ಬೆನೀತಾ ಹಸಿ ಹುಲ್ಲಿನ ಮೇಲೆ ಕುಳಿತು ಗಡಗಡ ನಡುಗಿದಳು. ಶೈಲಮ್ಮ ತಮ್ಮ ಶಾಲು ತೆಗೆದು ಅವಳಿಗೆ ಹೊದಿಸಿ, ಗಂಡನ ಕಡೆ ತಿರುಗಿದರು.

“ನಾಳಿಂದ ಹೊಸ್ತಿಲಾ ದಾಟ್ರಿ, ನೋಡೋಣು!”